ಹಂಚಿನ ಮಂಜಿಯಲ್ಲಿ ನಾನೂ ನನ್ನ ಕೂಸೂ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಠಾಣೆಯ ವರ್ತಕ ನಗರದ ನಮ್ಮ ಬಿಲ್ಡಿಂಗಿನ ಎಲ್ಲಾ ಮಾಳಿಗೆಗೂ ನಾನೇ ಮೆಟ್ಟಿಲು ಹತ್ತಿ ಪೇಡೆ ಹಂಚಿ ಬಂದೆ. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಲು ಕುಡಿಯುವಾಗ ಅವಳು ಮಾಡುವ ಶಬ್ದ ಕೇಳಬೇಕು ನೀವು. ಬಾವಿಗೆ ಕೊಡಪಾನ ಬಿಟ್ಟ ಹಾಗೆ ಗುಳುಗುಳು ಅನ್ನುತ್ತದೆ. ಮೊನ್ನೆ ಮಗಳು ಕೇಳಿದಳು, "ಮಮ್ಮಿ, ಮೈ ಭೀ ಐಸೇ ಹೀ ಪೀತೀ ಥೀ ಕ್ಯಾ?" ನಾನೂ ಹೀಗೇ ಕುಡಿಯುತ್ತಿದ್ದೆನಾ ಅಂತ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ.

"ಇಲ್ಲ ಮಾರಾಯ್ತಿ, ನಿನಗೆ ಕುಡಿಯಲು ಹಾಲೇ ಇರಲಿಲ್ಲ. ನಡುಸಮುದ್ರದಲ್ಲಿ ಒಣಗಿಹೋಗಿತ್ತು" ಎಂದೆ. ಅವಳು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು, ಒತ್ತು ದೀರ್ಘ ತಪ್ಪಿದರೆ ನೀವೇ ಸರಿಮಾಡಿಕೊಳ್ಳಿ.

ಎಪ್ಪತ್ತರ ದಶಕದ ಮಾತು. ನಮ್ಮವರು ಠಾಣೆಯ ಒಂದು ಫ್ಯಾಕ್ಟರಿಯಲ್ಲಿದ್ದರು. ನಾನು ಹೆರಿಗೆಗೆಂದು ಗಂಗೊಳ್ಳಿಯ ತಾಯಿಮನೆಗೆ ಹೋದವಳು, ಕೂಸು ಕಟ್ಟಿಕೊಂಡು ವಾಪಸ್ ಹೊರಡಬೇಕು. ಜೊತೆಗೆ ಅರೆಯುವ ಕಲ್ಲು, ಮರದ ತೊಟ್ಟಿಲು, ಕುಚ್ಚಲಕ್ಕಿ ಮೂಟೆ. ನನ್ನ ಸೋದರಮಾವ ಹಂಚು ಸಾಗಿಸುವ ಮಂಜಿಯ ತಂಡೇಲ. ಮಂಜಿ ಎಂದರೆ ಇಂಜಿನ್ ಇಲ್ಲದ, ಹಾಯಿ ಕಟ್ಟಿದ ಮರದ ದೋಣಿ. ತಂಡೇಲ ಎಂದರೆ ಅದನ್ನು ನಡೆಸುವ ಮುಖ್ಯಸ್ಥ.

"ಬಸ್ಸಿನವ ಅರೆಕಲ್ಲು ಹತ್ತಿಸ್ಕಂತ್ನಾ?" ಎಂದರು ಮಾವ. "ನಮ್ ಮಂಜಿ ಠಾಣೆ ಹತ್ರ ವಾಶಿಗೇ ಹೋಪುದ್. ಅಲ್ ಹೊಸ ಮನಿ ಏಳ್ತಾ ಇತ್ತ್, ಹಂಚ್ ಬೇಕಂಬ್ರ್. ಕಲ್ಲೂ ಬತ್ತ್, ತೊಟ್ಲೂ ಬತ್ತ್, ನೀನೂ ಬಾ."

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಹೆತ್ತಾಗಿನಿಂದ ನಾನು ಹಾಗೇ ಇದ್ದೆ. ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮೈ. ಕೂಸು ಅತ್ತರೆ ಪಕ್ಕದ ಮನೆಯ ಕೂಸು ಅತ್ತ ಹಾಗೆ ಕೇಳುತ್ತಿತ್ತು. ಯಾರು ಕೈ ಚಾಚಿದರೂ ಕೊಡುತ್ತಿದ್ದೆ. ಅವರು ವಾಪಸ್ ತರದಿದ್ದರೆ ಕೇಳುತ್ತಲೂ ಇರಲಿಲ್ಲ. "ಗಂಡನ ಮುಖ ಕಂಡ್ರೆ ಸರಿ ಆತ್ತ್" ಎಂದು ಅಮ್ಮ ನನ್ನನ್ನು ಮಂಜಿ ಹತ್ತಿಸಿದಳು.

ಮಂಜಿಯ ಹೊಟ್ಟೆಯೊಳಗೆ ಹುಲ್ಲು ಹಾಸಿ ಹಂಚು ಜೋಡಿಸಿದ್ದರು. ಹಿಂಭಾಗದಲ್ಲಿ ತೆಂಗಿನ ಮಡಲಿನ ಸಣ್ಣ ಮಾಡು, ಅದರಡಿ ನನ್ನ ಚಾಪೆ. ತೊಟ್ಟಿಲು ತೂಗುವ ಕೆಲಸವೇ ಇರಲಿಲ್ಲ, ಸಮುದ್ರವೇ ತೂಗುತ್ತಿತ್ತು. ಬೆಳಗಿನ ಜಾವ ಗುಡ್ಡದ ಕಡೆಯಿಂದ ಮೂಡುಗಾಳಿ, ಅದರಲ್ಲಿ ಸ್ವಲ್ಪ ಮುಂದೆ. ಮಧ್ಯಾಹ್ನ ಪಡುಗಾಳಿ, ಅದರಲ್ಲಿ ಓರೆಯಾಗಿ ಇನ್ನು ಸ್ವಲ್ಪ ಮುಂದೆ. ನಡುವೆ ಗಾಳಿ ಸತ್ತರೆ ಹಾಯಿ ಒದ್ದೆ ಚಾದರದ ಹಾಗೆ ಜೋಲುತ್ತಿತ್ತು. ಖಲಾಸಿಗಳು ತಳದಲ್ಲಿ ಸೇರಿದ ನೀರು ಮೊಗೆದು ಚೆಲ್ಲುವರು, ಹಗ್ಗ ಹೊಸೆಯುವರು, ಗಾಳ ಬಿಟ್ಟು ಬಂಗುಡೆ ಹಿಡಿಯುವರು. ಅಡುಗೆಗೆ ಒಬ್ಬ ಮುದುಕ, ಅವನನ್ನು ಎಲ್ಲರೂ ಭಂಡಾರಿ ಅಜ್ಜ ಅನ್ನುತ್ತಿದ್ದರು. ಮರದ ಪೆಟ್ಟಿಗೆಯಲ್ಲಿ ಮರಳು ತುಂಬಿ ಅದರ ಮೇಲೆ ಒಲೆ ಹೂಡುತ್ತಿದ್ದ. ಸಿಹಿನೀರು ಉಳಿಯಲೆಂದು ಗಂಜಿಗೆ ಅರ್ಧ ಸಮುದ್ರದ ನೀರು ಹಾಕುವುದು ಅವರ ರೂಢಿ, ಉಪ್ಪಿನ ಖರ್ಚೂ ಇಲ್ಲ. ನಾನು ಉಂಡೆ, ಮಲಗಿದೆ, ನೀರು ನೋಡಿದೆ. ನೀರಿನ ಬಣ್ಣ ಏನಿತ್ತು ಎಂದು ಈಗ ಕೇಳಿದರೆ ಗೊತ್ತಿಲ್ಲ.

ಗೋವಾ ಕಳೆದು ವೆಂಗುರ್ಲೆ ದಾಟುವ ಹೊತ್ತಿಗೆ ಎದೆಹಾಲು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಕೂಸಿನ ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು. ಭಂಡಾರಿ ಅಜ್ಜ ಬಟ್ಟೆಯ ತುದಿಯನ್ನು ಗಂಜಿತಿಳಿಯಲ್ಲಿ ಅದ್ದಿ ಚೀಪಿಸಿದ. ಅದು ಚೀಪಿತು, ಕಕ್ಕಿತು. ಮಾವ ಹಾಯಿಯನ್ನೇ ನೋಡುತ್ತ, "ರತ್ನಾಗಿರಿಯಂಗೆ ಹೊಕ್ಕಿ ಡಾಕ್ಟ್ರಿಗೆ ತೋರ್ಸ್ವ ಅಂದ್ರೆ ಗಾಳಿಯೇ ಇಲ್ಯಲೆ" ಎಂದರು. ಕೂಸು ಉಳಿಯುವುದಿಲ್ಲವೇನೋ ಎಂದು ಅವರ ದನಿಯಲ್ಲೇ ತಿಳಿಯಿತು. ತಿಳಿಯಿತು ಅಷ್ಟೇ, ಎಲ್ಲೂ ತಾಗಲಿಲ್ಲ.

ಅಜ್ಜ ಎಲ್ಲರಿಗೂ ಕುಡಿಯುವ ನೀರು ಅಳೆದು ಕೊಡುತ್ತಿದ್ದ. ನನ್ನದು ತಂಬಿಗೆಯಲ್ಲಿ. ಆ ಸಂಜೆ ಅದನ್ನು ಎತ್ತಿ ನೋಡಿದ. ತುಂಬಿದ್ದು ತುಂಬಿದ ಹಾಗೇ ಇತ್ತು.

"ಎಂತ ಹೆಣೆ, ನಮ್ ಪೀಪಾಯಿ ನೀರ್ ರುಚಿ ಇಲ್ಯಾ? ತಂಡೇಲರ ಸೊಸಿಗೆ ಸೋಡಾ ತರ್ಸುಕಾ?"

"ಬಾಯಾರಿಕೆ ಇಲ್ಲ ಅಜ್ಜ."

ಅವನು ನನ್ನ ಮುಖ ನೋಡಿದ. ಆಮೇಲೆ ಮಂಜಿಯ ಹಿಂತುದಿ ನೋಡಿದ. ಅಲ್ಲಿ ನೀರಿನ ಮೇಲಕ್ಕೆ ಚಾಚಿದ ಮರದ ಚೌಕಟ್ಟು, ಅದೇ ಎಲ್ಲರ ಸಂಡಾಸು. ಮರೆ ಅನ್ನುವುದೇ ಇಲ್ಲ. ಗಂಡಸರು ಬೀಡಿ ಸೇದುತ್ತ, ಮಾತಾಡುತ್ತ ಅಲ್ಲಿ ಕೂರುತ್ತಿದ್ದರು. ನಾನು ಕತ್ತಲಿರುವಾಗ ಒಮ್ಮೆ ಹೋದರೆ ಮತ್ತೆ ಮರುದಿನ ಕತ್ತಲಲ್ಲೇ. ನೀರು ಕುಡಿದರೆ ತಾನೇ ಹೋಗಬೇಕಾಗುವುದು? ಹಾಗಾಗಿ ಕುಡಿಯುವುದನ್ನೇ ಬಿಟ್ಟಿದ್ದೆ. ನೀರಿಗೂ ಹಾಲಿಗೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಓ ತಂಡೇಲ್ರೇ!" ಅಜ್ಜ ಕೂಗಿದ. "ಹೆಣ್ ಮಕ್ಕಳನ್ನ ಹತ್ತಿಸ್ಕಂಡ್ರಿ, ಅವ್ರ್ ಕೂಕಂಬುದ್ ಎಲ್ಲಿ ಅಂದೇಳಿ ಯೋಚ್ನಿ ಮಾಡಿರ್ಯಾ? ಮೀಸಿ ಮಾತ್ರ ಇತ್ತ್ ನಿಮ್ಗೆ!"

ಮಾವ ಎದ್ದರು. ತಾವೇ ಹಳೇ ಹಾಯಿ ಹರಿದು ಆ ಚೌಕಟ್ಟಿಗೆ ಸುತ್ತ ಪರದೆ ಕಟ್ಟಿದರು. ಅಜ್ಜ ಕಾನೂನು ಮಾಡಿದ: ತಾನು ಸೌಟಿನಿಂದ ಪಾತ್ರೆ ಬಡಿದರೆ ಎಲ್ಲ ಗಂಡಸರೂ ಮುಂದಕ್ಕೆ ಮುಖ ಮಾಡಬೇಕು.

ಮೊದಲ ಸಲ ಬಡಿದಾಗ ಚುಕ್ಕಾಣಿ ಹಿಡಿದು ಮುಂದೆಯೇ ನೋಡುತ್ತಿದ್ದ ಖಲಾಸಿ ಗೋಗರೆದ, "ಅಜ್ಜ, ನಾನ್ ಮುಂದೇ ಕಾಂತಾ ಇಪ್ಪುದಲ್ದಾ!"

"ಹಾಂಗಾರೆ ಇನ್ನೂ ಮುಂದ್ ಕಾಣ್! ಬೊಂಬಾಯಿ ಕಾಂತಾ ನೋಡ್!"

ಬರೆಯುವಾಗ ನಗು ತಡೆಯಲಾಗುತ್ತಿಲ್ಲ ನನಗೆ. ಅವತ್ತು ನಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಹೋದೆ, ಬಂದೆ. ಅಜ್ಜ ಎದುರು ನಿಂತು ತಂಬಿಗೆ ಖಾಲಿ ಮಾಡಿಸಿದ, ಮತ್ತೆ ತುಂಬಿದ. ನನ್ನೊಬ್ಬಳ ಗಂಜಿಯನ್ನು ಸಿಹಿನೀರಲ್ಲೇ ಬೇಯಿಸಿ, ತೆಂಗಿನಕಾಯಿ ತುರಿದು ಹಾಕಿದ. "ಹಾಲ್ ಬರ್ಲಿ ಬಿಡ್ಲಿ, ಕೂಸನ್ನ ಎದಿಗೆ ಹಿಡಿ" ಎಂದ. ಹಿಡಿದೆ. ಹಿಡಿ ಎಂದರೆ ಹಿಡಿಯುವುದು, ನನಗೆ ಅಷ್ಟೇ ಗೊತ್ತಿತ್ತು. ಅದು ಒಣ ಎದೆ ಚೀಪಿ ಸುಸ್ತಾಗಿ ಮಲಗುತ್ತಿತ್ತು. ಹಾಗೇ ಕೆಲವು ದಿನ.

ಒಂದು ಮಧ್ಯಾಹ್ನ ಗಾಳಿ ಬಂತು. ಹಾಯಿ ಫಟ್ಟೆಂದು ತುಂಬಿ ಮಂಜಿ ಓರೆಯಾಯಿತು. ನನ್ನ ರವಿಕೆ ಒದ್ದೆ. ತಂಬಿಗೆ ಚೆಲ್ಲಿತೆಂದುಕೊಂಡೆ. ಅದು ಹಾಲು! ಕೂಸು ಕುಡಿಯಿತು, ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿತು, ಸಿಟ್ಟಿನಿಂದ ಮತ್ತೆ ಬಾಯಿ ಹಾಕಿತು. ಅಜ್ಜ ಪಾತ್ರೆ ಬಡಿಯದಿದ್ದರೂ ಖಲಾಸಿಗಳು ಮುಂದಕ್ಕೆ ಮುಖ ಮಾಡಿ ನಿಂತಿದ್ದರು. ಆಗ ನಾನು ಅತ್ತುಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಳಲಿಲ್ಲ. ಹಸಿವಾಯಿತು. ಎರಡು ಸಲ ಕೇಳಿ ಉಂಡೆ.

ವಾಶಿಯ ಸೇತುವೆಗಿಂತ ಈಚೆಗೆ, ಕೆಸರಿನ ದಂಡೆಗೆ ಮಂಜಿ ತಾಗಿತು. ನಮ್ಮವರು ಠಾಣೆಯಿಂದ ಬಸ್ಸಿನಲ್ಲಿ ಬಂದು ದಿನವೂ ವಿಚಾರಿಸಿ ಹೋಗುತ್ತಿದ್ದರಂತೆ. ಪ್ಯಾಂಟು ಮಡಚಿ, ಕೆಸರಲ್ಲಿ ಕಾಲು ಕೀಳುತ್ತ ಹಲಗೆ ಹತ್ತಿ ಬಂದರು. ಮುಖವೆಲ್ಲ ನಗು. ಮಗಳನ್ನು ನೋಡುತ್ತಿರುವುದು ಅದೇ ಮೊದಲು.

"ಕೊಡ್ ಇಲ್ಲಿ" ಎಂದು ಎರಡೂ ಕೈ ಚಾಚಿದರು.

ನನ್ನ ಕೈ ಮುಂದೆ ಹೋಗಲಿಲ್ಲ. ನನಗೇ ಆಶ್ಚರ್ಯ. "ಕೈ ತೊಳ್ಕಂಡ್ ಬನ್ನಿ" ಎಂದೆ.

ಅವರು ತೊಳೆದು, ಅಂಗಿಗೆ ಒರೆಸಿಕೊಂಡು, ಮತ್ತೆ ಬಂದು ಚಾಚಿದರು.

"ನಿದ್ದೆ ಮಾಡ್ತಾ ಇತ್ತ್" ಎಂದೆ. ನಿದ್ದೆಯೂ ಇಲ್ಲ, ಏನೂ ಇಲ್ಲ. ಕಣ್ಣು ಅರಳಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.