ಕೂದಲೆಳೆಯಷ್ಟು ಎತ್ತರ

ಹಲ್ಲಕ್ಕ ಪರದೇಶದ ಆ ಊರಿಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಅಷ್ಟರಲ್ಲಿ ಸಾವಿರದ ನಾನೂರಕ್ಕೂ ಹೆಚ್ಚು ಹಲ್ಲು ಮಾಡಿದ್ದಳು. ಅದರಲ್ಲಿ ಒಂದನ್ನೂ ಯಾರ ಬಾಯಲ್ಲೂ ನೋಡಿರಲಿಲ್ಲ.

ಕಟ್ಟುಹಲ್ಲಿನ ಕೆಲಸವೇ ಹಾಗೆ. ದಂತವೈದ್ಯರು ದವಡೆಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು, ಇಲ್ಲದ ಹಲ್ಲನ್ನು ಮೊದಲು ಮೇಣದಲ್ಲಿ ಕೆತ್ತಿ, ಬಾಯಲ್ಲಿ ಇಟ್ಟು ನೋಡಲು ವೈದ್ಯರಿಗೆ ವಾಪಸು ಕಳಿಸಬೇಕು. ಅವರು ಸರಿ ಎಂದ ಮೇಲೆ ಗಟ್ಟಿ ಹಲ್ಲು. ಇಷ್ಟರಲ್ಲಿ ಎಲ್ಲೂ ಹಲ್ಲು ಮಾಡಿದವಳೂ ಹಾಕಿಕೊಂಡವರೂ ಮುಖಾಮುಖಿ ಆಗುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಯಾರಾದರೂ ನಕ್ಕರೆ ಅವಳ ಕಣ್ಣು ಸೀದಾ ಬಾಯಿಗೆ ಹೋಗುತ್ತಿತ್ತು. ಒಮ್ಮೆ ಎದುರಿಗಿದ್ದ ಹಿರಿಯರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಬೇರೆ ಸೀಟಿಗೆ ಹೋಗಿ ಕೂತರು.

ಹಲ್ಲಕ್ಕ ಎಂಬ ಹೆಸರು ತಂಗಿ ಇಟ್ಟದ್ದು. ಇಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮಾತ್ರ ಅದು ಕೇಳಿಸುತ್ತಿತ್ತು.

"ಹಲ್ಲಕ್ಕಾ, ನಿನ್ ಮಗಳಿಗೆ ಇನ್ನೊಂದು ಹಲ್ಲು ಬಿತ್ತು ಕಣೇ. ಹಲ್ಲು ಬಿದ್ರೂ ಮಾತೊಂದು ಬೀಳಲ್ಲ ನೋಡು ಇವಳ್ದು!"

"ಚಿಕ್ಕಮ್ಮ ಸುಳ್ಳು ಹೇಳ್ತಾಳೆ," ಎಂದು ಮಗಳು ಹಿಂದಿನಿಂದ ಕೂಗುತ್ತಿದ್ದಳು. "ಅಮ್ಮಾ, ನಾನ್ಯಾವಾಗ ಬರೋದು?"

"ಕೆಲಸ ಕಾಯಂ ಆಗ್ಲಿ ಕಂದ. ಆದ ತಕ್ಷಣ."

ಗಂಡ ತೀರಿಕೊಂಡು ಆರು ವರ್ಷ. ಮಗಳಿಗೆ ಏಳಾಗಿದ್ದಾಗ ಅವಳನ್ನು ತಂಗಿಯ ಮಡಿಲಿಗೆ ಹಾಕಿ ಹಲ್ಲಕ್ಕ ಹೊರಟಿದ್ದಳು. ಹೊರಡುವ ವಾರ ಮಗುವಿನ ಎರಡೂ ದವಡೆಗಳ ಅಚ್ಚು ತೆಗೆದು ಪ್ಲಾಸ್ಟರ್‌ನಲ್ಲಿ ಮಾಡಿದ್ದಳು. ಬೇರೆ ತಾಯಂದಿರು ಫೋಟೊ ತೆಗೆಸುತ್ತಾರೆ, ಇವಳಿಗೆ ತಿಳಿದದ್ದು ಇದು. "ಮೇಲಿಂದು ನೀನಿಟ್ಕೋ, ಕೆಳಗಿಂದು ನನ್ ಹತ್ರ ಇರ್ಲಿ," ಎಂದು ಪಾಲು ಮಾಡಿದವಳು ಮಗಳೇ. ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ತೆರೆದರೆ ಎದುರು ಗೋಡೆ ಕಾಣುವ ಒಂದು ಕಿಟಕಿ. ಮೇಜಿನ ಮೇಲೆ ಆ ಮೇಲ್ದವಡೆ.

ತಾತ್ಕಾಲಿಕ ಪರವಾನಗಿಯ ಮೇಲೆ ಬಂದವಳು ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಅದಕ್ಕೆ ಕಾಯಂ ಹುದ್ದೆ ಬೇಕು. ಎರಡು ವರ್ಷದ ಪರವಾನಗಿ ಮುಗಿಯಲು ಆರು ವಾರ ಇದ್ದಾಗ ಯಜಮಾನರು ತಾವಾಗಿಯೇ ಮಾತು ತೆಗೆದರು. ಎರಡನೇ ಮಹಡಿಯ ಆ ಕಾರ್ಯಾಗಾರದಲ್ಲಿದ್ದವರು ಅವರಿಬ್ಬರೇ. ಒಂದೇ ಉದ್ದನೆಯ ಮೇಜಿನ ಎರಡು ತುದಿಯಲ್ಲಿ ಕೂತು ಕೆತ್ತುತ್ತಿದ್ದರು.

"ಕಾಯಂ ಮಾಡೋಕೆ ನಾನು ತಯಾರು," ಎಂದರು. "ಆದ್ರೆ ಕಾನೂನು ಇದೆಯಲ್ಲ. ಮೊದಲು ಇಪ್ಪತ್ತೆಂಟು ದಿನ ಹುದ್ದೆ ಖಾಲಿ ಇದೆ ಅಂತ ಪ್ರಕಟಿಸಬೇಕು. ಇಲ್ಲಿನ ನಾಗರಿಕರು ಯಾರೂ ಸಿಗದಿದ್ರೆ ನಿನಗೆ."

"ಸಿಕ್ಕಿದ್ರೆ, ಸರ್?"

"ಪರೀಕ್ಷೆ. ನಿನಗಿಂತ ಕಡಿಮೆ ಬಂದ್ರೆ ನೀನು. ಸಮ ಬಂದ್ರೆ ಅವರು." ಯಜಮಾನರು ಕನ್ನಡಕ ಒರೆಸಿಕೊಂಡರು. "ಅದಕ್ಕೇ ಪ್ರಕಟಣೆ ನೀನೇ ಬರಿ. ಎಲ್ಲರೂ ಹಾಗೇ ಮಾಡೋದು, ತಲೆ ನೋಡ್ಕೊಂಡು ಟೋಪಿ ಹೊಲಿಯೋದು. ಎಡಗೈಯಲ್ಲಿ ಕೆತ್ತೋರೇ ಬೇಕು ಅಂತ ಬರೆದುಬಿಡು!"

ಹಲ್ಲಕ್ಕ ಎಡಚಿ. ನಕ್ಕಳು, ಆದರೆ ಬರೆಯಲಿಲ್ಲ. ಕೆಲಸಕ್ಕೆ ಏನು ಬೇಕೋ ಅದನ್ನಷ್ಟೇ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟಳು. ಇಲ್ಲದ್ದನ್ನು ಬರೆಯಲು ಅವಳ ಕೈ ಏಳುತ್ತಿರಲಿಲ್ಲ.

ಇಪ್ಪತ್ತೈದು ದಿನ ಯಾರೂ ಬರಲಿಲ್ಲ. ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದುಹಾಕುತ್ತ ಹಲ್ಲಕ್ಕ ಅಂಗಡಿಯಲ್ಲಿ ಒಂದು ಸಣ್ಣ ಮಂಚದ ಅಳತೆಯನ್ನೂ ಕೇಳಿ ಬಂದಳು. ನೂರ ಅರವತ್ತು ಸೆಂಟಿಮೀಟರ್ ಉದ್ದ. ಕಿಟಕಿಯ ಕೆಳಗೆ ಸರಿಯಾಗಿ ಹಿಡಿಯುತ್ತಿತ್ತು.

ಇಪ್ಪತ್ತಾರನೆಯ ದಿನ ಒಂದು ಅರ್ಜಿ ಬಂತು.

ಪರೀಕ್ಷೆಯ ದಿನ ಬಂದವಳಿಗೆ ಮೂವತ್ತರ ಆಸುಪಾಸು. ಮೂರು ವರ್ಷ ಕೆಲಸ ಬಿಟ್ಟಿದ್ದಳಂತೆ, ಸ್ವಂತ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಇಬ್ಬರಿಗೂ ಒಂದೇ ಅಚ್ಚು, ಒಂದೇ ಹಲ್ಲು, ಮೇಲಿನ ದವಡೆಯ ಮೊದಲ ದವಡೆಹಲ್ಲು. ಎರಡು ಗಂಟೆ ಸಮಯ. ಬೆನ್ನಿಗೆ ಬೆನ್ನು ಮಾಡಿ ಕೂತು ಕೆತ್ತಿದರು. ಸಂಜೆ ಐದಕ್ಕೆ ಹೊರಗಿನ ದಂತವೈದ್ಯರೊಬ್ಬರು ಬಂದು, ಯಾರ ಕೆಲಸ ಯಾವುದೆಂದು ತಿಳಿಯದೆ, ಬರೀ ಚೀಟಿಯ ಸಂಖ್ಯೆ ನೋಡಿ ಐವತ್ತಕ್ಕೆ ಅಂಕ ಕೊಡಬೇಕು.

ಮೂರೂವರೆಗೆ ಸಮಯ ಮುಗಿಯಿತು. ಹೊಸಬಳು ಹೊರಟಳು. ಹಲ್ಲಕ್ಕ ಕೈ ತೊಳೆಯಲು ಹೋದಳು.

ದಿನಾ ನಾಲ್ಕಕ್ಕೆ ಅವಳದೊಂದು ಕೆಲಸವಿತ್ತು. ಹೊರಗೆ ಹೋಗಬೇಕಾದ ಅಚ್ಚುಗಳನ್ನೆಲ್ಲ ಬಾಗಿಲ ಬಳಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದೊಂದರಲ್ಲೂ ಮೇಲಿನ ದವಡೆಯನ್ನೂ ಕೆಳಗಿನ ದವಡೆಯನ್ನೂ ಕೀಲಿನಿಂದ ಜೋಡಿಸಿರುತ್ತಾರೆ. ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು ಬಾಯಿ ಮುಚ್ಚಿಸಬೇಕು. ಎಲ್ಲಿ ಹಲ್ಲು ಎತ್ತರವಿದೆಯೋ ಅಲ್ಲಿ ಗಾಢ ನೀಲಿ ಚುಕ್ಕೆ ಮೂಡುತ್ತದೆ. ಚಾಕುವಿನ ತುದಿಯಿಂದ ಅದನ್ನು ಕೆರೆದರೆ ಮುಗಿಯಿತು. ಕೂದಲೆಳೆಯಷ್ಟು ಎತ್ತರ ಇದ್ದರೂ ಬಾಯಿಗೆ ಅದು ಗುಡ್ಡ. ಯಜಮಾನರ ಕೈ ಇತ್ತೀಚೆಗೆ ಸ್ವಲ್ಪ ನಡುಗುತ್ತಿತ್ತು. ಅವರ ಹಲ್ಲುಗಳಲ್ಲಿ ದಿನಕ್ಕೆ ಒಂದೆರಡು ಎತ್ತರ ಇದ್ದೇ ಇರುತ್ತಿದ್ದವು. ಹಲ್ಲಕ್ಕ ಅವರಿಗೆ ಹೇಳುತ್ತಿರಲಿಲ್ಲ. ಕೆರೆದು, ಊದಿ, ಒರೆಸಿ ಇಟ್ಟುಬಿಡುತ್ತಿದ್ದಳು. ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ವಿಷಯ ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ.

ಅಂದೂ ಸಾಲಿನಲ್ಲಿ ಏಳು ಅಚ್ಚುಗಳಿದ್ದವು. ಒಂದು, ಎರಡು. ಮೂರನೆಯದರಲ್ಲಿ, ದವಡೆಹಲ್ಲಿನ ಒಳಗಿನ ಉಬ್ಬಿನ ಮೇಲೆ, ಎದ್ದು ಕಾಣುವ ನೀಲಿ ಚುಕ್ಕೆ. 'ಪಾಪ, ಇವತ್ತೂ ಕೈ ನಡುಗಿದೆ' ಎಂದುಕೊಂಡು, ಅಚ್ಚು ಯಾವುದೆಂದು ನೋಡದೆ ಕೆರೆದಳು. ಇನ್ನೊಮ್ಮೆ ಕಾಗದ ಇಟ್ಟಳು. ಚುಕ್ಕೆ ತಿಳಿಯಾಗಿ ಮೂಡಿತು. ಒರೆಸಿದಳು. ಚೀಟಿ ಸರಿಪಡಿಸಲು ತಿರುಗಿಸಿದಾಗ ಕಂಡಿತು: ಪರೀಕ್ಷೆ, ಸಂಖ್ಯೆ ಎರಡು.

ಅವಳದು ಸಂಖ್ಯೆ ಒಂದು. ಅದು ಸಾಲಿನ ಕೊನೆಯಲ್ಲಿತ್ತು. ಅವಳು ಕೈ ತೊಳೆಯಲು ಹೋದಾಗ ಯಜಮಾನರು ಎರಡನ್ನೂ ತಂದು ಅದೇ ಹಲಗೆಯ ಮೇಲೆ ಇಟ್ಟಿದ್ದರು.

ಹಲ್ಲಕ್ಕ ಆ ಅಚ್ಚನ್ನು ಹಿಡಿದುಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಬರ್ನರ್ ಹಚ್ಚಿದಳು. ಚಾಕುವಿನ ತುದಿ ಕಾಯಿಸಿ ಒಂದು ಹನಿ ಮೇಣ ಇಟ್ಟರೆ ಆ ಎತ್ತರ ಮತ್ತೆ ಬರುತ್ತದೆ. ಇಟ್ಟರೆ ಅದು ಮೋಸವೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಮಾಡುವುದು. ತುದಿಯಲ್ಲಿ ಮೇಣ ಕರಗಿ ಹನಿಗಟ್ಟಿತು. ಆದರೆ ಎಷ್ಟು ಎತ್ತರ ಇತ್ತು? ಅವಳು ಅಳೆದಿರಲಿಲ್ಲ. ಎಂದೂ ಅಳೆಯುತ್ತಿರಲಿಲ್ಲ, ಕೆರೆಯುವವರು ಯಾಕೆ ಅಳೆಯುತ್ತಾರೆ? ಈಗ ಎಷ್ಟೇ ಇಟ್ಟರೂ ಅದು ಆ ಹುಡುಗಿಯ ತಪ್ಪಲ್ಲ, ತಾನು ಅಂದಾಜಿನಲ್ಲಿ ಮಾಡಿದ ತಪ್ಪು. ಹನಿ ಆರಿ ಬಿಳಿಚಿತು. ಅವಳು ಬರ್ನರ್ ಆರಿಸಿದಳು.

ಹೋಗಿ ಯಜಮಾನರಿಗೆ ಹೇಳಿದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು," ಎಂದರು ಆಮೇಲೆ, "ಇದನ್ನ ಪರವಾನಗಿ ಕಚೇರಿಗೆ ತಿಳಿಸಿದ್ರೆ ಪರೀಕ್ಷೆ ರದ್ದು. ಮತ್ತೆ ಇಪ್ಪತ್ತೆಂಟು ದಿನ. ನಿನ್ನ ಪರವಾನಗಿ ಎಷ್ಟು ದಿನ ಇದೆ?"

"ಹನ್ನೊಂದು."

"ಮತ್ತೆ! ಸುಮ್ನಿರು. ಒಂದು ಚುಕ್ಕೆಯಿಂದ ಏನಾಗುತ್ತೆ? ನಿನ್ನ ಕೈಯೆಲ್ಲಿ, ಅವಳ ಕೈಯೆಲ್ಲಿ." ತಮ್ಮ ಕೈ ನೋಡಿಕೊಳ್ಳುತ್ತ ಕೇಳಿದರು. "ನಂದು ಅಂದ್ಕೊಂಡ್ಯಾ?"

ಹಲ್ಲಕ್ಕ ತಲೆ ತಗ್ಗಿಸಿದಳು.

ದಂತವೈದ್ಯರು ಐದಕ್ಕೆ ಸರಿಯಾಗಿ ಬಂದರು, ಐದೂಮುಕ್ಕಾಲಿಗೆ ಹೋದರು. ಸಂಖ್ಯೆ ಒಂದಕ್ಕೆ ನಲವತ್ತಾರು. ಸಂಖ್ಯೆ ಎರಡಕ್ಕೆ ನಲವತ್ತಾರು. ಹಲ್ಲಿಗೆ ಹಲ್ಲು ಕೂಡುವ ಕಚ್ಚುವಿಕೆಗೆ ಹತ್ತಕ್ಕೆ ಹತ್ತು, ಇಬ್ಬರಿಗೂ.

ಯಜಮಾನರು ಅಂಕದ ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಸಮ," ಎಂದರು. ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಉಳಿದ ಹನ್ನೊಂದು ದಿನ ಹೊಸಬಳಿಗೆ ಕೆಲಸ ಒಪ್ಪಿಸುವುದು ಅವಳ ಪಾಲಿಗೆ ಬಂತು. ಹುಡುಗಿ ಕೆಟ್ಟವಳಲ್ಲ. ಬೇಗ ಕಲಿಯುತ್ತಿದ್ದಳು, ಮೊದಲ ದಿನದಿಂದಲೇ "ಅಕ್ಕ" ಎನ್ನುತ್ತಿದ್ದಳು. ಅದೊಂದು ಮಾತಿಗಾಗಿ ಎರಡು ವರ್ಷ ಕಾದಿದ್ದವಳಿಗೆ, ಅದು ಬಂದದ್ದು ಇವಳ ಬಾಯಿಂದ.

ಮೂರನೆಯ ದಿನ ಹೊಸಬಳು ಕೆತ್ತಿದ್ದರಲ್ಲಿ ಅದೇ ಹಲ್ಲು, ಅದೇ ಉಬ್ಬು, ಅದೇ ನೀಲಿ ಚುಕ್ಕೆ. ಅವಳು ಕಾಗದ ಹಿಡಿದುಕೊಂಡು ನೋಡಿದಳು.

"ಅಕ್ಕಾ, ಅವತ್ತೂ ಇಲ್ಲೇ ಎತ್ತರ ಇತ್ತು. ನನಗೆ ಗೊತ್ತಿತ್ತು, ಆದ್ರೆ ಸಮಯ ಮುಗಿದೇ ಹೋಯ್ತು. ಅದು ಹೆಂಗೆ ಹತ್ತಕ್ಕೆ ಹತ್ತು ಬಂತು ಅಂತ ಇನ್ನೂ ತಿಳೀತಿಲ್ಲ."

"ನಾನು ಕೆರೆದೆ."

"ಏನು?"

"ಸರ್ ಹಲ್ಲು ಅಂದ್ಕೊಂಡೆ. ಕೈಗೆ ಅಭ್ಯಾಸ."

ಹೊಸಬಳು ಚಾಕು ಕೆಳಗಿಟ್ಟಳು. ಕಿಟಕಿಯಾಚೆ ಬಸ್ಸೊಂದು ನಿಂತು ಹೊರಟಿತು.

"ಅಕ್ಕಾ, ನಾನು ಈ ಕೆಲಸ ಬಿಡಲ್ಲ," ಎಂದಳು ಕೊನೆಗೆ. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಮೇಜಿನ ಮೇಲಿತ್ತು. "ಹನ್ನೊಂದು ಕಡೆ ಹೋಗಿ ಬಂದಿದೀನಿ. ಎಲ್ಲ ಕಡೆ ಮೂರು ವರ್ಷ ಏನ್ ಮಾಡ್ತಿದ್ದೆ ಅಂತ ಕೇಳ್ತಾರೆ. ಮಗು ಸಾಕ್ತಿದ್ದೆ ಅಂದ್ರೆ ಮುಖ ತಿರುಗಿಸ್ತಾರೆ."

"ಬಿಡು ಅಂತ ನಾನೆಲ್ಲಿ ಅಂದೆ?"

"ಬೈದ್ರೂ ಪರವಾಗಿಲ್ಲ. ಬೈದುಬಿಡಿ."

"ಬೈದ್ರೆ ಚುಕ್ಕೆ ಹೋಗುತ್ತಾ? ಚಾಕು ತಗೋ." ಹಲ್ಲಕ್ಕ ಕುರ್ಚಿ ಹತ್ತಿರ ಎಳೆದುಕೊಂಡಳು. "ನೀನು ಕೊನೇ ಕ್ಷಣದವರೆಗೂ ಕೆತ್ತುತೀಯ, ಅದೇ ತಪ್ಪು. ಕೊನೇ ಹತ್ತು ನಿಮಿಷ ಕೆತ್ತಬಾರದು. ಬರೀ ಕಾಗದ ಇಟ್ಟು ನೋಡಬೇಕು."

ಕೊನೆಯ ದಿನ ನಾಲ್ಕು ಗಂಟೆಗೆ ಸಾಲಿನ ಮುಂದೆ ನಿಂತವಳು ಹೊಸಬಳು. ಹಲ್ಲಕ್ಕ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಐದನೆಯದರಲ್ಲಿ ಚುಕ್ಕೆ ಮೂಡಿದ್ದು ಅಲ್ಲಿಂದಲೇ ಕಂಡಿತು. ಎಡಗೈ ತಾನಾಗಿ ಎದ್ದಿತು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹೊಸಬಳು ಚಾಕು ತೆಗೆದುಕೊಂಡು, ಹೊರಳಿ ಯಜಮಾನರನ್ನು ಒಮ್ಮೆ ನೋಡಿ, ಏನೂ ಹೇಳದೆ ಕೆರೆದು, ಊದಿ, ಒರೆಸಿ ಇಟ್ಟಳು.

ಪರವಾನಗಿ ಮುಗಿದವರಿಗೆ ಬೇರೆ ಯಜಮಾನರನ್ನು ಹುಡುಕಿಕೊಳ್ಳಲು ಮಾತ್ರ ಕಾನೂನು ಅರವತ್ತು ದಿನ ಕೊಟ್ಟಿತ್ತು. ಹಲ್ಲಕ್ಕ ಊರಿನಲ್ಲಿದ್ದ ಹದಿನಾಲ್ಕು ಕಾರ್ಯಾಗಾರಗಳ ವಿಳಾಸ ಬರೆದುಕೊಂಡು, ಬಸ್ಸಿನ ದಾರಿ ನೋಡಿ ಅವನ್ನು ಕ್ರಮವಾಗಿ ಜೋಡಿಸಿದಳು. ಮೊದಲ ವಾರ ಐದು ಕಡೆ ಹೋದಳು. ಐದು ಕಡೆಯೂ ಕುಳ್ಳಿರಿಸಿ ಒಂದೇ ನಮೂನೆಯ ಅರ್ಜಿ ಕೊಟ್ಟರು. ಮೊದಲನೆಯ ಪ್ರಶ್ನೆಯೇ ನಾಗರಿಕರು ಹೌದೋ ಅಲ್ಲವೋ. ಅಲ್ಲ ಎಂದು ಗುರುತು ಹಾಕಿದ ಮೇಲೆ ಅದರ ಕೆಳಗಿನದನ್ನು ಯಾರೂ ಓದಿದಂತೆ ಕಾಣಲಿಲ್ಲ. ಹಲ್ಲು ಕೆತ್ತಿ ತೋರಿಸು ಎಂದು ಒಬ್ಬರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಬಂತು.

"ಕಾಯಂ ಆಯ್ತಾ ಅಮ್ಮ?"

"ಇಲ್ಲ ಕಂದ. ಈ ವರ್ಷ ಆಗಲ್ಲ."

ಅಂದು ತಂಗಿ ತಮಾಷೆ ಮಾಡಲಿಲ್ಲ. ಮಗಳು, "ಹೊಸ ಹಲ್ಲು ಬಂದಿದೆ. ಫೋಟೊ ಕಳಿಸ್ತೀನಿ," ಎಂದಳು.

ಫೋಟೊ ಬಂತು. ಮೇಲ್ಸಾಲಿನ ಮುಂದಿನ ಹಲ್ಲು, ಅಗಲ, ಅಂಚಿನಲ್ಲಿ ಗರಗಸದಂಥ ಮೂರು ಪುಟ್ಟ ಮೊನೆ. ಹಲ್ಲಕ್ಕ ಮೇಜಿನ ಮೇಲಿನ ಮೇಲ್ದವಡೆಯನ್ನು ಕೈಗೆತ್ತಿಕೊಂಡಳು. ಏಳು ವರ್ಷದ ಬಾಯಿ. ಆ ಜಾಗದಲ್ಲಿ ಆಗ ಇದ್ದದ್ದು ಹಾಲುಹಲ್ಲು, ಅಕ್ಕಿಕಾಳಿನಷ್ಟು. ಅದನ್ನು ಕೆರೆದು ತೆಗೆದು, ಮೇಣ ಕಾಯಿಸಿ, ಫೋಟೊ ನೋಡಿಕೊಂಡು ಹೊಸ ಹಲ್ಲು ಕೆತ್ತತೊಡಗಿದಳು. ಎದುರು ಗೋಡೆಯ ಮೇಲಿನ ಬಿಸಿಲು ಕೆಳಗಿಳಿಯುವವರೆಗೂ ಕೆತ್ತಿದಳು. ಮೂರು ಮೊನೆಗಳನ್ನೂ ಬಿಡಲಿಲ್ಲ.

ಮುಗಿದ ಮೇಲೆ ಅಭ್ಯಾಸದಂತೆ ಪೆಟ್ಟಿಗೆಯಿಂದ ನೀಲಿ ಕಾಗದ ತೆಗೆದಳು. ಆಮೇಲೆ ಅದನ್ನು ಹಿಡಿದುಕೊಂಡೇ ಕೂತಳು. ಕೆಳದವಡೆ ಮಗಳ ಹತ್ತಿರ ಇತ್ತು.