ಜಯಶೀಲನ ಸ್ಯಾಕ್ಸೊಫೋನು, ನನ್ನ ಡೋಲು

ಜಯಶೀಲ ಅಂದ್ರೆ ಮುಂಬಯಿ ಕಡೆ ಡೊಂಬಿವಲಿಯಿಂದ ಪನ್ವೇಲಿನವರೆಗೆ ನಮ್ಮ ತುಳುನಾಡಿನವರಿಗೆಲ್ಲ ಗೊತ್ತು. ಮದುವೆ ಇರಲಿ, ಶನಿಪೂಜೆ ಇರಲಿ, ಸ್ಯಾಕ್ಸೊಫೋನ್ ಬೇಕೆಂದರೆ ಅವನೇ. ಅವನ ಎಡಕ್ಕೆ ಡೋಲು ಕಟ್ಟಿಕೊಂಡು ನಿಲ್ಲುವವನು ನಾನು, ಬೂಬ. ನನ್ನ ಹೆಸರು ಯಾರೂ ಹೇಳುವುದಿಲ್ಲ, 'ಜಯಶೀಲನ ಸೆಟ್' ಅಂತಾರೆ. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ನಡೆಸಿಕೊಂಡು ಬಂದೆ, ಯಾಕೆಂದರೆ ಅವನ ಸ್ವರಕ್ಕೆ ನನ್ನ ಪೆಟ್ಟು ಬಿಟ್ಟರೆ ಬೇರೆಯವರದ್ದು ಕೂರುತ್ತಿರಲಿಲ್ಲ.

ಅವನದ್ದು ಕಾರ್ಕಳದ ಕಡೆ. ಅಪ್ಪ ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ದೇವಾಡಿಗರು ನಾವು, ವಾದ್ಯ ನಮಗೆ ಮನೆಯಲ್ಲೇ ಸಿಗುತ್ತದೆ. ಶಾಲೆ ಮಾತ್ರ ಅವನಿಗೆ ಹತ್ತಲಿಲ್ಲ. ಮುಂಬಯಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಮತ್ತೆ ಸಪ್ಲಾಯರ್ ಆಗಿ, ಈಗ ಘಣಸೋಲಿಯ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಾನೆ. ಸಾಧು ಮನುಷ್ಯ. ಲೋಕಲ್ ಟ್ರೇನಿನಲ್ಲಿ ಯಾರಾದರೂ ಕಾಲು ತುಳಿದರೆ ಇವನೇ 'ಸಾರಿ' ಅನ್ನುತ್ತಾನೆ. ಜಗಳ ಮಾಡುವುದಿದ್ದರೆ ಅವನ ಪರವಾಗಿ ನಾನೇ ಮಾಡಬೇಕು.

ನಮ್ಮ ಕೆಲಸದಲ್ಲಿ ಒಂದು ಗುಟ್ಟು ಉಂಟು. ಮುಹೂರ್ತದ ಹೊತ್ತಿಗೆ ಭಟ್ರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗುತ್ತಾರಲ್ಲ, ಈ ಕಡೆಯ ಹಾಲ್‌ಗಳ ಗಲಾಟೆಯಲ್ಲಿ ಅದು ಯಾರಿಗೆ ಕೇಳುತ್ತದೆ ಮಾರಾಯ್ರೆ? ನಾವು ಅವರ ಕೈ ನೋಡುವುದು. ಕೈ ಮೇಲೆ ಹೋಯಿತೋ, ಊದುತ್ತಿದ್ದ ರಾಗ ಯಾವುದೇ ಇರಲಿ, ಅಲ್ಲೇ ಬಿಟ್ಟು ಮೈಯಲ್ಲಿದ್ದ ಉಸಿರೆಲ್ಲ ಒಟ್ಟುಮಾಡಿ ಅವನು ಊದಬೇಕು, ನಾನು ಬಾರಿಸಬೇಕು. ಯೋಚನೆ ಮಾಡುತ್ತಾ ನಿಂತರೆ ತಾಳಿ ಕಟ್ಟಿ ಆಗಿರುತ್ತದೆ.

ಎರಡು ಸಾವಿರದ ಹನ್ನೊಂದರಲ್ಲಿ ಠಾಣೆಯ ಒಂದು ಮದುವೆಗೆ ಅಶ್ಮಿತಾ ಬಂದಳು. ಒಬ್ಬರು ಹೋಟೆಲ್ ಶೆಟ್ರ ಮಗಳು. ಹೊರದೇಶಕ್ಕೆ ಹೋಗಿ ಏನೋ ಕಂಟೆಂಪರರಿ ಡಾನ್ಸ್ ಕಲಿತು ಬಂದವಳು, ತಾನೇ ಡಾನ್ಸ್ ಕಟ್ಟಿ ತಾನೇ ಕುಣಿಯುತ್ತಾಳೆ. ಊಟಕ್ಕೂ ಹೋಗದೆ ನಮ್ಮೆದುರು ನಿಂತಿದ್ದಳು. ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಹಿಂದಿ. ತನ್ನ ಹೊಸ ಡಾನ್ಸಿಗೆ ಜಾಜ್ ಸಂಗೀತದವರು ಸ್ಟೇಜಿನ ಮೇಲೇ ಕೂತು ನುಡಿಸುತ್ತಾರೆ, ಅಂಕಲ್, ನೀವು ಅವರ ಜೊತೆ ಸ್ಯಾಕ್ಸೊಫೋನ್ ಊದಬೇಕು ಅಂದಳು. ಜಯಶೀಲ ನನ್ನ ಮುಖ ನೋಡಿದ. "ಹೋಗುವ ಮಾರಾಯ, ಎಂತ ಆಗ್ತದೆ?" ಅಂದೆ. ಕರೆದದ್ದು ಇಬ್ಬರನ್ನೂ ಅಂತ ನನ್ನ ಲೆಕ್ಕ.

ಭಾನುವಾರ ಡೋಲು ಹೊತ್ತುಕೊಂಡು ಡೊಂಬಿವಲಿಯಿಂದ ಲೋಕಲ್ ಹತ್ತಿದೆ. ಆ ರಶ್ಶಿನಲ್ಲಿ ಎಷ್ಟು ಬೈಗುಳ ತಿಂದೆನೋ. ರಿಹರ್ಸಲ್ ಹಾಲಿನಲ್ಲಿ ಒಬ್ಬ ಪಿಯಾನೋದ ಹಿಂದೆ ಕೂತಿದ್ದ, ಒಬ್ಬ ಆಳೆತ್ತರದ ಪಿಟೀಲಿನಂಥದ್ದನ್ನು ತಬ್ಬಿಕೊಂಡು ಮೀಟುತ್ತಿದ್ದ. ಡ್ರಮ್ಸಿನಲ್ಲಿ ಸಮಿತ್ ಅಂತ ಒಬ್ಬ ಗಡ್ಡದವ, ತಂತಿಯ ಪೊರಕೆ ಹಿಡಿದು ಡ್ರಮ್ಮನ್ನು ಗುಡಿಸುತ್ತಿದ್ದ. ಬಾರಿಸುವುದಲ್ಲ, ಗುಡಿಸುವುದು! ನಾನು ಡೋಲಿಗೆ ನಾಲ್ಕು ಪೆಟ್ಟು ಕೊಟ್ಟೆ ಅಷ್ಟೆ, ಅಶ್ಮಿತಾ ನಗುತ್ತಾ ಕಿವಿ ಮುಚ್ಚಿಕೊಂಡಳು. "ಅಂಕಲ್, ಬಹುತ್ ಲೌಡ್ ಹೈ. ತಾಲ್ ಕೇ ಲಿಯೇ ಸಮಿತ್ ಹೈ ನಾ."

ಜಯಶೀಲ ಏನಾದರೂ ಹೇಳುತ್ತಾನೆ ಅಂತ ಕಾದೆ. ಅವನು ಬಾಯಲ್ಲಿಟ್ಟ ಸ್ಯಾಕ್ಸೊಫೋನಿನ ರೀಡನ್ನು ಒದ್ದೆ ಮಾಡುತ್ತಾ ನೆಲ ನೋಡಿದ. ನಾನು ಡೋಲಿಗೆ ಬಟ್ಟೆ ಸುತ್ತಿ ಎದ್ದು ಬಂದೆ.

ಆಮೇಲೆ ಪ್ರತಿ ಭಾನುವಾರ ಅವನು ಅಲ್ಲಿ. ಮದುವೆಗೆ ಬಂದರೂ ಅದೇ ಪುರಾಣ. "ಬೂಬಣ್ಣ, ಜಾಜಿನವರು ಬರೆದಿಟ್ಟು ನುಡಿಸುವುದಿಲ್ಲ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಅಲ್ಲೇ ಹಿಡಿಯುತ್ತಾನೆ. ಹುಡುಗಿ ತಿರುಗಿದರೆ ನಾವೂ ತಿರುಗುವುದು. ಸಮಿತ್ ಅಂತೂ..." ಸಮಿತ್ ಅಂತೂ! ಇಷ್ಟು ವರ್ಷ ನಾವು ಮಾಡಿದ್ದು ಮತ್ತೆಂತ? ಇವನ ಹೆಗಲು ಮೇಲೆ ಹೋದ ರೀತಿಯಲ್ಲೇ ಇವನು ಯಾವ ಸ್ವರಕ್ಕೆ ಹೋಗುತ್ತಾನೆ ಅಂತ ನನಗೆ ಗೊತ್ತಾಗುತ್ತಿತ್ತು. ಅದನ್ನು ಗಡ್ಡದವ ಮಾಡಿದರೆ ಕಲೆ, ನಾನು ಮಾಡಿದರೆ ಗಲಾಟೆ. ಇವನು ನನ್ನ ಕೈಬಿಟ್ಟೇ ಹೋಗುತ್ತಾನೆ ಅಂತ ಊಟ ಸೇರುತ್ತಿರಲಿಲ್ಲ.

ನನ್ನ ಹೆಂಡತಿ ಲೋಲಾಕ್ಷಿ ನೋಡುವಷ್ಟು ನೋಡಿದಳು. "ಸವತಿ ಬಂದವರ ಹಾಗೆ ಆಡ್ತೀರಲ್ಲ, ಮಾನ ಉಂಟಾ ನಿಮಗೆ?" ಅಂದಳು. ನಾನು ತಟ್ಟೆ ದೂಡಿ ಎದ್ದೆ. ಅವಳು ಮೀನುಸಾರನ್ನು ಮುಚ್ಚಿಟ್ಟು ಟಿ.ವಿ. ಹಾಕಿದಳು.

ಠಾಣೆಯಲ್ಲಿ ಶೋ. ಜಯಶೀಲ ಪಾಸು ಕೊಟ್ಟಿದ್ದ. ಹೋಗುವುದಿಲ್ಲ ಅಂತಿದ್ದವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಸುಳ್ಳು ಯಾಕೆ, ಹಾಳಾಗಲಿ ಅಂತಲೇ ಹೋದದ್ದು. ಹಾಳಾಗಲಿಲ್ಲ. ಅಶ್ಮಿತಾ ನೆಲಕ್ಕೆ ಬಿದ್ದಾಗ ಜಯಶೀಲನ ಸ್ವರವೂ ಇಳಿಯಿತು, ಅವಳು ಓಡಿದಾಗ ಇವನು ಹಿಂದೆ ಹೋದ, ಸಮಿತ್ ಅವರಿಬ್ಬರಿಗೂ ದಾರಿ ಮಾಡಿಕೊಟ್ಟ. ಚೆಂದ ಇತ್ತು. ಆ ಚೆಂದ ನೋಡಿಯೇ ನನಗೆ ಇನ್ನಷ್ಟು ಸಂಕಟ ಆಯಿತು.

ಕೊನೆಗೆ ಅಶ್ಮಿತಾ ಸ್ಟೇಜಿನ ನಡುವೆ ನಿಂತು ಒಂದು ಕೈ ಮೇಲೆತ್ತಬೇಕು, ಎಲ್ಲ ವಾದ್ಯ ನಿಲ್ಲಬೇಕು, ಲೈಟ್ ಆರಬೇಕು. ರಿಹರ್ಸಲಿನಲ್ಲಿ ಅವಳು ಕೈ ಎತ್ತಿಯೇ ಇರಲಿಲ್ಲವಂತೆ, ಬಾಯಲ್ಲಿ "ಸ್ಟಾಪ್" ಅನ್ನುತ್ತಿದ್ದಳಂತೆ. ಆವತ್ತು ಕೆಂಪು ಸೀರೆಯಂಥದ್ದು ಸುತ್ತಿಕೊಂಡಿದ್ದವಳು ಎತ್ತಿದಳು ನೋಡಿ ಕೈಯನ್ನು, ಥೇಟ್ ಭಟ್ರ ಹಾಗೆ!

ಜಯಶೀಲ ಗಟ್ಟಿಮೇಳ ಊದಿಬಿಟ್ಟ.

ಅಯ್ಯೋ ದೇವರೇ! ಪಿಯಾನೋದವ ಬೆಚ್ಚಿಬಿದ್ದ. ಅಶ್ಮಿತಾಳ ಕೈ ಮೇಲೆಯೇ ಉಳಿಯಿತು. ನನ್ನ ಕೈ ತಾನಾಗಿ ತೊಡೆಯ ಮೇಲೆ ಬಾರಿಸತೊಡಗಿತ್ತು. ಜಯಶೀಲ ಎಡಕ್ಕೆ ತಿರುಗಿದ, ಅಲ್ಲಿ ಪರದೆ ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಆ ಸಮಿತ್ ಪೊರಕೆ ಬಿಸಾಡಿ ಕೋಲು ಹಿಡಿದು ನುಗ್ಗಿದ. ಅಶ್ಮಿತಾ ಗಿರಗಿರ ತಿರುಗಿದಳು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಒಳಗೆ ಹೋದೆ. ಜಯಶೀಲ ತಪ್ಪು ಮಾಡಿದ ಮಗುವಿನ ಹಾಗೆ ಮೂಲೆಯಲ್ಲಿದ್ದ. ಅಶ್ಮಿತಾಳಿಗೆ ಮಾತ್ರ ಖುಷಿಯೋ ಖುಷಿ. ಮುಂದಿನ ಶೋ ವಾಶಿಯಲ್ಲಿ, ಅಲ್ಲೂ ಇದು ಬೇಕೇ ಬೇಕು ಅಂದಳು. ಸಮಿತ್ ಜಯಶೀಲನ ಹತ್ತಿರ ಬಂದು, ಆ ತಾಳ ಸರಿಯಾಗಿ ಹೇಳಿಕೊಡಿ ಅಂದ. ಜಯಶೀಲ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದ.

ನನ್ನ ಕೈಯೇ ಅದು, ಇಡೀ ನನ್ನ ಕೈ. ಎಲ್ಲಿ ಎಳೆಯುತ್ತೇನೆ, ಎಲ್ಲಿ ಅವಸರ ಮಾಡುತ್ತೇನೆ, ಎಲ್ಲ ಉಂಟು. ಕೊನೆಯಲ್ಲಿ ಒಂದು ಹೆಚ್ಚಿನ ಪೆಟ್ಟೂ ಉಂಟು. ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ನಾನು ಕೆಲಸಕ್ಕಿದ್ದಾಗ ಸರಳಿನ ಕಟ್ಟು ಬಿದ್ದು ಬಲಗೈಯ ಉಂಗುರಬೆರಳು ಜಜ್ಜಿಹೋಗಿತ್ತು. ಆವತ್ತಿನಿಂದ ಮುಕ್ತಾಯದ ಪೆಟ್ಟು ತೆಳ್ಳಗೆ ಬೀಳುತ್ತದೆ, ಅದನ್ನು ಮುಚ್ಚಲಿಕ್ಕೆ ಅದರ ಬೆನ್ನಿಗೇ ಎಡಗೈಯ ಕೋಲಿನಿಂದ ಇನ್ನೊಂದು ಕೊಡುತ್ತೇನೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಇವನಿಗೆ ಬಾಯಿಪಾಠ!

"ಅದನ್ನು ಕೊಡಬೇಡ ಅವನಿಗೆ!" ನಾನು ಕೂಗಿದೆ. ಎಲ್ಲರೂ ತಿರುಗಿದರು. "ಬೇರೆ ಏನು ಬೇಕಾದರೂ ಕೊಡು. ಆ ಕೊನೆಯದ್ದು ನನ್ನ ಮುರುಕು ಬೆರಳಿನದ್ದು. ಅವನಿಗೆ ಬೆರಳು ನೆಟ್ಟಗಿದೆಯಲ್ಲ, ಅವನಿಗೆ ಯಾಕೆ?"

ಜಯಶೀಲ ಆವತ್ತು ಮೊದಲ ಸಲ ಬಾಯಿ ಬಿಟ್ಟ. ಅಶ್ಮಿತಾಳಿಗೆ ಹೇಳಿದ: "ಆ ಜಾಗ ಖಾಲಿ ಬಿಡಿ ಮೇಡಂ. ಅದು ಬೂಬಣ್ಣನದ್ದು." ಆದರೂ ನಾನು ಮುಖ ಬಿಗಿದುಕೊಂಡೇ ಹೊರಟುಬಂದೆ.

ವಾಶಿಗೂ ಹೋದೆ. ಸಮಿತ್ ಎಲ್ಲ ಬಾರಿಸಿದ, ಕೊನೆಯ ಆ ನನ್ನ ಪೆಟ್ಟಿನ ಜಾಗ ಬಂದಾಗ ಕೋಲು ಎತ್ತಿ ಹಿಡಿದು ನಿಂತ. ಜಯಶೀಲ ಬಾಯಿಂದ ಸ್ಯಾಕ್ಸೊಫೋನ್ ತೆಗೆದು ಕತ್ತಲೆಯತ್ತ ನೋಡಿದ. ಹಾಲಿನಲ್ಲಿ ಯಾರೋ ಕೆಮ್ಮಿದರು. ನಾನು ಕೈಕಟ್ಟಿ ಕೂತೆ. ಬೇಕಿದ್ದರೆ ಎಲ್ಲರೆದುರು ಬಾಯಿ ಬಿಟ್ಟು ಕರೆಯಲಿ. ಆವತ್ತು ರಿಹರ್ಸಲಿನಲ್ಲಿ ನೆಲ ನೋಡಿದವನಲ್ಲವಾ?

"ಬೂಬಣ್ಣಾ..."

ಮೈಕ್ ಇಲ್ಲದೆ, ಸ್ಟೇಜಿನಿಂದ, ನೇರ ನನ್ನನ್ನು. ಕುರ್ಚಿಯ ಮರದ ಕೈಗೆ ಬಿಗಿದು ಒಂದು ಕೊಟ್ಟೆ, ಬೆರಳು ಚುರ್ ಅಂತು. ಅಲ್ಲಿಂದ ಸಮಿತ್ ಎತ್ತಿಕೊಂಡ, ಅಶ್ಮಿತಾ ತಿರುಗಿದಳು, ಲೈಟ್ ಆರಿತು. ಚಪ್ಪಾಳೆ ಎಲ್ಲ ಆ ಗಡ್ಡದವನಿಗೆ ಹೋಯಿತು. ಹೋಗಲಿ. ಕರೆದದ್ದು ನನ್ನನ್ನು.