ಬಂಡೆಯ ಫೋಟೊ

ಸಮುದ್ರದಡಿ ಮುಳುಗುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಅಲ್ಲಿ ಫೋಟೊ ತೆಗೆಯುವ ಆಸೆಯೂ ಹತ್ತಿಕೊಂಡ ವರ್ಷ, ಹೊಸ ಡಿಜಿಟಲ್ ಕ್ಯಾಮೆರಾವನ್ನು ನೀರು ಹೋಗದ ಡಬ್ಬಿಯಲ್ಲಿಟ್ಟುಕೊಂಡು ಮಂಜಗುಣಿಯ ಗಣಪು ಎಂಬ ಮೀನುಗಾರರ ದೋಣಿಯಲ್ಲಿ ಹೋದೆ. ಮೀನಿನ ಹಿಂಡೊಂದರ ಬೆನ್ನು ಹತ್ತಿ, ಅವರು ತೋರಿಸಿದ ಜಾಗ ಬಿಟ್ಟು, ನೀರೊಳಗೆ ಅಡಗಿದ್ದ ಬೇರೊಂದು ಬಂಡೆಯ ಹತ್ತಿರ ಮೇಲೆದ್ದೆ. ದೋಣಿ ತಂದ ಗಣಪು ಕ್ಯಾಮೆರಾವನ್ನು ಮಾತ್ರ ಎತ್ತಿಕೊಂಡರು. ನನಗೆ ಕೈ ಕೊಡಲಿಲ್ಲ.

"ಖರೇ ಹೇಳಿ, ನಿಮ್ಮನ್ನ ಟ್ರಾಲರ್‌ನವ್ರು ಕಳ್ಸಿದ್ದಲ್ವಾ? ಈ ಬಂಡೆ ಹತ್ರ ಮೀನು ಸಿಗೂದು ನಮ್ಮ ಮನೆಯವ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಇಲ್ಲ ಮಾರಾಯ್ರೆ, ಬರೀ ಹವ್ಯಾಸ."

"ಹವ್ಯಾಸಕ್ಕೆ ಯಾರಾದ್ರೂ ಇಷ್ಟು ಭಾರದ ಸಿಲಿಂಡರ್ ಬೆನ್ನಿಗೆ ಕಟ್ಕಂತಾರಾ? ಫೋಟೊ ತೋರ್ಸಿ ನೋಡ್ವಾ."

ದೋಣಿಯ ಅಂಚು ಹಿಡಿದು ತೇಲುತ್ತಲೇ, ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟೆ. ಅವರು ಒಂದೊಂದನ್ನೇ ನೋಡಿದರು. ಬರೀ ಕೆಸರು ನೀರು, ಎಲ್ಲೋ ಒಂದು ಮಸುಕು ಬಾಲ, ಮೂರರಲ್ಲಿ ನನ್ನದೇ ಹೆಬ್ಬೆರಳು. ನೋಡುತ್ತ ನೋಡುತ್ತ ಅವರ ಬಿಗಿದ ಮುಖ ಸಡಿಲವಾಯಿತು.

"ಇದನ್ನ ಯಾರಿಗೆ ಬೇಕಾದ್ರೂ ತೋರ್ಸಿ" ಎಂದು ಕೈ ಕೊಟ್ಟು ಮೇಲೆಳೆದುಕೊಂಡರು. "ಒಂದು ಸಿಗಡಿನೂ ಸಿಗೂದಿಲ್ಲ."

ಈಗ ನನ್ನ ಫೋಟೊಗಳು ಬಹಳ ಸುಧಾರಿಸಿವೆ. ಆ ಸುದ್ದಿಯನ್ನು ಗಣಪು ಅವರಿಗೆ ಮಾತ್ರ ಇನ್ನೂ ಹೇಳಿಲ್ಲ.